ಕಾರಣವರಿಯದ ದುರಸ್ತಿ

ಮೂವತ್ತು ವರ್ಷಗಳಷ್ಟು ಹಳೆಯದಾದ ಕಾರೊಂದು ಬೆಳಗಿನ ಹೊತ್ತು ಹೊರಡಲೊಲ್ಲದೆ ನಿಂತಾಗ, ಒಡೆಯನು ಮೆಕ್ಯಾನಿಕ್ಕನ್ನು ಕರೆಸುವುದೂ, ಆತನು ಬಂದು ಬಾನೆಟ್ಟನ್ನೆತ್ತಿ ಮೊದಲು ಬ್ಯಾಟರಿಯನ್ನೂ, ಅದರಿಂದ ಫಲ ಕಾಣದಿದ್ದರೆ ಸೆಲ್ಫ್ ಮೋಟಾರನ್ನೂ, ತರುವಾಯ ಕಿಡಿ ಹುಟ್ಟಿಸುವ ಕಾಯಿಲ್ಲನ್ನೂ ಒಂದಾದಮೇಲೊಂದರಂತೆ ಬದಲಿಸುತ್ತ ಹೋಗುವುದೂ, ಕಡೆಗೆ ಇವಾವುದಕ್ಕೂ ಸಂಬಂಧಪಡದ ಸಡಿಲವಾದ ತಂತಿಯೊಂದನ್ನು ಬಿಗಿಮಾಡಿದೊಡನೆ ಕಾರು ಹೊರಡುವುದೂ ನಮ್ಮ ಊರುಗಳಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಇದರಲ್ಲಿ ಹಾಳಾದುದು ಹಣವೊಂದೇ ಅಲ್ಲ. ಕೆಡದೆ ಇದ್ದ ಭಾಗಗಳು ಗುಜರಿಗೆ ಹೋದುವು. ಕೆಟ್ಟುದು ಯಾವುದು, ಅದು ಏಕೆ ಕೆಟ್ಟಿತು ಎಂಬ ಅರಿವು ಒಡೆಯನಿಗೂ ಆಗಲಿಲ್ಲ, ಮೆಕ್ಯಾನಿಕ್ಕಿಗೂ ಆಗಲಿಲ್ಲ. ಕಾರಣವನ್ನು ನಿರ್ಣಯಿಸುವುದಕ್ಕೆ ಮುನ್ನವೇ ಭಾಗವನ್ನು ಬದಲಿಸುವ ಈ ಪದ್ಧತಿ ಸರ್ವಥಾ ತಪ್ಪೆಂದೂ, ಅದರ ಹೆಚ್ಚಿನ ಹೊಣೆ ಗ್ಯಾರೇಜಿನವರದಲ್ಲ, ಗಿರಾಕಿಗಳಾದ ನಮ್ಮದೆಂದೂ ನನ್ನ ಅಭಿಪ್ರಾಯ.

ಹಳೆಯ ಕಾರಿನಲ್ಲಿ ಕಾರಣವನ್ನು ಹುಡುಕುವುದು ದುಸ್ಸಾಧ್ಯವಾದ ಕೆಲಸವೇನೂ ಅಲ್ಲ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಗುತ್ತಿದ್ದ ಅಂಬಾಸಡರ್, ಇಟಲಿಯ ಫಿಯಟ್ 1100ರ ಸಂತತಿಯಾದ ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ಮೊದಲು ಹೊರಬಂದು ನಮ್ಮ ಮಧ್ಯಮವರ್ಗದ ಎಷ್ಟೋ ಮನೆಗಳಿಗೆ ಪ್ರಥಮ ವಾಹನವಾದ ಮಾರುತಿ 800, ಇವುಗಳ ಕಾರ್ಬುರೇಟರ್ ಕಾಲದ ಎಂಜಿನ್ನುಗಳಲ್ಲಿ ಕಣ್ಣಿಗೆ ಮರೆಯಾದುದು ಬಹಳ ಸ್ವಲ್ಪ. ಸಾಕಷ್ಟು ವೇಗದಿಂದ ತಿರುಗುವಿಕೆ, ತಕ್ಕ ಕ್ಷಣದಲ್ಲಿ ಕಿಡಿ, ತಕ್ಕ ಪ್ರಮಾಣದಲ್ಲಿ ಬೆರೆತ ಪೆಟ್ರೋಲು ಮತ್ತು ಗಾಳಿ, ಆ ಮಿಶ್ರಣವನ್ನು ಸೋರದಂತೆ ಒತ್ತಿ ಹಿಡಿಯಬಲ್ಲ ಸಿಲಿಂಡರು, ಇವಿಷ್ಟು ಕೂಡಿದರೆ ಎಂಜಿನ್ ಹೊರಡಲೇಬೇಕು; ಹೊರಡದಿದ್ದರೆ ಇವುಗಳಲ್ಲಿ ಯಾವುದಾನೊಂದು ಲೋಪವಾಗಿರಲೇಬೇಕು. ಒಂದಿದ್ದಲ್ಲಿ ಇನ್ನೊಂದಿರುವುದನ್ನೂ, ಅದಿಲ್ಲದಲ್ಲಿ ಇದೂ ಇಲ್ಲದಿರುವುದನ್ನೂ ನೋಡಿ ಕಾರ್ಯಕಾರಣ ಸಂಬಂಧವನ್ನು ನಿಶ್ಚಯಿಸುವ ಕ್ರಮಕ್ಕೆ ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕವೆಂದು ಹೆಸರಿಟ್ಟರು. ಹಳೆಯ ಕಾರಿನ ಬಾನೆಟ್ಟಿನ ಕೆಳಗೆ ಆ ಕ್ರಮವು ಅಕ್ಷರಶಃ ಅನ್ವಯವಾಗುತ್ತದೆ.

ಮೊದಲನೆಯದಾಗಿ, ಕಾರಿನ ದೀಪಗಳನ್ನು ಹಚ್ಚಿಟ್ಟು ಸೆಲ್ಫ್ ಹೊಡೆದು ನೋಡಬೇಕು. ಎಂಜಿನ್ ಮಿಸುಕದೆ ದೀಪ ಮಾತ್ರ ಆರಿಹೋಗುವಷ್ಟು ಮಂಕಾದರೆ ಬ್ಯಾಟರಿ ಬರಿದಾಗಿದೆ, ಇಲ್ಲವೇ ಅದರ ಟರ್ಮಿನಲ್ಲುಗಳಿಗೆ ಬಿಳಿಯ ಕಿಲುಬು ಕಟ್ಟಿದೆ, ಇವೆರಡೂ ಅಲ್ಲವಾದರೆ ಸೆಲ್ಫ್ ಸಿಕ್ಕಿಕೊಂಡಿದೆ. ದೀಪ ಎಳ್ಳಷ್ಟೂ ಕುಂದದೆ ಉರಿಯುತ್ತಿದ್ದರೆ ವಿದ್ಯುತ್ತು ಸೆಲ್ಫ್ ಮೋಟಾರಿನ ಮೂಲಕ ಹರಿಯುತ್ತಲೇ ಇಲ್ಲ. ದೋಷವನ್ನು ಕೀಲಿಯ ಸ್ವಿಚ್ಚಿನಿಂದ ಸೊಲೆನಾಯ್ಡಿನವರೆಗೂ, ಅಲ್ಲಿಂದ ಮೋಟಾರಿನ ಸವೆದ ಬ್ರಷ್ಷುಗಳವರೆಗೂ ಹುಡುಕಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಈ ಪರೀಕ್ಷೆಯನ್ನು ಇನ್ನಷ್ಟು ಖಚಿತಗೊಳಿಸುತ್ತದೆ. ಪೂರ್ಣ ಚಾರ್ಜಾಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12ರ ಸಮೀಪಕ್ಕೆ ಇಳಿದಿದ್ದರೆ ಬಹುಮಟ್ಟಿಗೆ ಬರಿದಾದಂತೆಯೇ. ಆದರೆ ಬರಿದಾದುದೆಲ್ಲ ಕೆಟ್ಟುದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಎಂಜಿನ್ ಓಡುತ್ತಿರುವಾಗ ಅದೇ ಟರ್ಮಿನಲ್ಲುಗಳಲ್ಲಿ ಸುಮಾರು 14 ವೋಲ್ಟ್ ಕಾಣದಿದ್ದರೆ ಚಾರ್ಜು ಮಾಡತಕ್ಕ ಡೈನಮೋ ಅಥವಾ ಆಲ್ಟರ್ನೇಟರು, ಅದನ್ನು ತಿರುಗಿಸುವ ಬೆಲ್ಟು ತಪ್ಪಿತಸ್ಥರೇ ಹೊರತು ಬ್ಯಾಟರಿಯಲ್ಲ. ಅಂಥ ಕಾರಿಗೆ ಹೊಸ ಬ್ಯಾಟರಿಯನ್ನು ತಂದು ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಡೌನ್ ಆಗುತ್ತದೆ.

ಹಳೆಯ ಕಾರುಗಳಲ್ಲಿ ಎಲ್ಲಕ್ಕಿಂತಲೂ ಹೆಚ್ಚಾಗಿ ಅಲಕ್ಷ್ಯಕ್ಕೆ ಒಳಗಾಗುವುದು ಎಂಜಿನ್ನನ್ನು ಬಾಡಿಗೆ ಸೇರಿಸುವ ಅರ್ತಿಂಗ್ ಪಟ್ಟಿ. ವರ್ಷಗಟ್ಟಲೆ ಎಣ್ಣೆ, ಧೂಳು, ತುಕ್ಕುಗಳಲ್ಲಿ ಮುಳುಗಿದ ಈ ಪಟ್ಟಿ ವಿದ್ಯುತ್ತಿಗೆ ದಾರಿಕೊಡದಂತಾದಾಗ, ಸೆಲ್ಫಿಗೆ ಬೇಕಾದ ನೂರಾರು ಆಂಪಿಯರುಗಳ ಪ್ರವಾಹವು ಬೇರೆ ದಾರಿಯನ್ನು ಅರಸುತ್ತದೆ. ಎಂಜಿನ್ನಿಗೂ ಬಾಡಿಗೂ ಲೋಹದ ಸಂಪರ್ಕವನ್ನು ಕಲ್ಪಿಸುವ ಚೋಕಿನ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲುಗಳ ಮೂಲಕ ಹರಿದು ಅವುಗಳನ್ನು ಕೈಸುಡುವಷ್ಟು ಬಿಸಿಮಾಡುವುದೂ ಉಂಟು. ಸೆಲ್ಫ್ ಮಂದವಾಗಿ ತಿರುಗುತ್ತಿದ್ದು ಚೋಕಿನ ಕೇಬಲ್ಲು ಬೆಚ್ಚಗಾಗಿದ್ದರೆ ರೋಗವೇ ತನ್ನ ಹೆಸರನ್ನು ಹೇಳಿಬಿಟ್ಟಂತಾಯಿತು. ಪಟ್ಟಿಯ ಎರಡು ತುದಿಗಳನ್ನು ಎಮರಿ ಕಾಗದದಿಂದ ಉಜ್ಜಿ ಬಿಗಿಗೊಳಿಸುವುದೇ ಇದಕ್ಕೆ ತಕ್ಕ ಪರಿಹಾರ. ಇಷ್ಟಕ್ಕಾಗಿ ಸೆಲ್ಫ್ ಮೋಟಾರನ್ನೇ ಬಿಚ್ಚಿ ಬದಲಿಸುವುದು ಅನ್ಯಾಯ.

ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪ್ರಶ್ನೆ ಬಹುಮಟ್ಟಿಗೆ ಕಿಡಿಯದು, ಅಥವಾ ಪೆಟ್ರೋಲಿನದು. ಗೇರನ್ನು ನ್ಯೂಟ್ರಲ್ಲಿಗೆ ತಂದು, ಪೆಟ್ರೋಲಿನ ವಾಸನೆಯಿಲ್ಲವೆಂದು ಖಚಿತಮಾಡಿಕೊಂಡು, ಪ್ಲಗ್ಗನ್ನು ಕಳಚಿ, ತಂತಿಯನ್ನು ಅದಕ್ಕೆ ಮತ್ತೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಸೆಲ್ಫ್ ಹೊಡೆಸಿದಾಗ ನೀಲಿಯಾದ, ಚಟಚಟನೆ ಸಿಡಿಯುವ ಕಿಡಿ ಬರಬೇಕು. ಹಳದಿಯಾಗಿ ಸೊರಗಿದ ಕಿಡಿ ಬಂದು ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಸುಟ್ಟು ಕರಕಲಾಗಿದ್ದರೆ ಕಂಡೆನ್ಸರಿನ ಮೇಲೆ ಸಂಶಯಪಡಬೇಕು. ಸೆಲ್ಫ್ ಹೊಡೆಯುತ್ತಿರುವಷ್ಟು ಹೊತ್ತು ಹೊತ್ತಿಕೊಂಡು, ಕೀಲಿಯನ್ನು ಬಿಟ್ಟ ಮರುಕ್ಷಣವೇ ಆರಿಹೋಗುವ ಕಾರಿನಲ್ಲಿ, ಕಾಯಿಲ್ಲಿಗೆ ವಿದ್ಯುತ್ತನ್ನು ಕೊಡುವ ರೆಸಿಸ್ಟರೊಂದಿದ್ದರೆ, ಕಡಿದುಹೋಗಿರುವುದು ಪ್ರಾಯಶಃ ಅದೇ. ಮಲೆನಾಡಿನ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತು ಕಿಡಿ ಅಡ್ಡದಾರಿ ಹಿಡಿಯುವುದು ಸಾಮಾನ್ಯ. ಅದನ್ನು ಒರೆಸಲು ಒಣಗಿದ ಬಟ್ಟೆಯೊಂದು ಸಾಕು.

ಪೆಟ್ರೋಲಿನ ವಿಷಯದಲ್ಲಿ ಈಚೆಗೆ ಹೊಸದೊಂದು ಕಾರಣವೂ ಸೇರಿಕೊಂಡಿದೆ. ಇಂದು ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನಷ್ಟು ಎಥನಾಲ್ ಬೆರೆತಿರುತ್ತದೆ. ಎಥನಾಲು ನೀರನ್ನು ಹೀರಿಕೊಳ್ಳುವ ಸ್ವಭಾವದ್ದು, ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸಬಲ್ಲದು. ಪೆಟ್ರೋಲನ್ನು ಎಂಜಿನ್ನಿಗೆ ಏರಿಸುವ ಎ.ಸಿ. ಪಂಪಿನ ಡಯಾಫ್ರಮ್ಮು, ಪೆಟ್ರೋಲ್ ಪೈಪುಗಳು ಹಳೆಯ ರಬ್ಬರಿನವೇ ಆಗಿದ್ದರೆ ಅವು ಕೆಡುವುದಕ್ಕೆ ಮುನ್ನವೇ ಎಥನಾಲನ್ನು ತಾಳುವಂಥವನ್ನು ಹಾಕಿಸುವುದು ವಿವೇಕ. ಇದು ಕಾರಣವನ್ನು ಅರಿತು ಮಾಡುವ ಬದಲಾವಣೆ.

ಅನುಭವಸ್ಥನಾದ ಮೆಕ್ಯಾನಿಕ್ಕಿನ ಊಹೆ ಅನೇಕ ವೇಳೆ ಸರಿಯಾಗಿಯೇ ಇರುತ್ತದೆ, ಪರೀಕ್ಷೆಯ ಹೆಸರಿನಲ್ಲಿ ಕಾಲವನ್ನೇಕೆ ಕಳೆಯಬೇಕು ಎಂದು ಕೇಳುವವರಿದ್ದಾರೆ. ಸೆಲ್ಫಿನ ಶಬ್ದವನ್ನು ಕೇಳಿದ ಮಾತ್ರಕ್ಕೆ ದೋಷವನ್ನು ಹೇಳಬಲ್ಲ ವೃದ್ಧ ಮೆಕ್ಯಾನಿಕ್ಕುಗಳಿದ್ದಾರೆ. ಅವರನ್ನು ನಾನು ಹೃತ್ಪೂರ್ವಕವಾಗಿ ಗೌರವಿಸುತ್ತೇನೆ. ಆದರೆ ಅವರ ಊಹೆಯ ಹಿಂದೆ ಪಾಯಿಂಟುಗಳನ್ನು ಉಜ್ಜಿ, ಗೇಜಿಟ್ಟು ಅಳೆದು ಕಲಿತ ವರ್ಷಗಳಿವೆ. ಆ ಅಭ್ಯಾಸವಿಲ್ಲದೆ ಬೆಳೆದ ತರುಣನು ಊಹೆಯನ್ನಷ್ಟೇ ಅನುಕರಿಸಿದರೆ ಫಲವೇನು? ಆತನಿಗೆ ಆ ಅಭ್ಯಾಸ ತಪ್ಪಿಹೋಗುವಂತೆ ಮಾಡಿದವರು ನಾವು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಹೊಸ ಭಾಗದ ಬಿಲ್ಲಿಗೆ ಮರುಮಾತಿಲ್ಲದೆ ಹಣ ಎಣಿಸಿಕೊಡುವ ನಾವು, ಎರಡು ಗಂಟೆ ತಂತಿಗಳನ್ನು ಹಿಡಿದು ಪರೀಕ್ಷಿಸಿ ಒಂದು ನಟ್ಟನ್ನು ಬಿಗಿಮಾಡಿದವನಿಗೆ, ಅವನು ಏನೂ ಮಾಡಲಿಲ್ಲವೆಂಬಂತೆ, ಚಹದ ಕಾಸು ಕೊಟ್ಟು ಕಳುಹಿಸುತ್ತೇವೆ. ವಿಚಾರಕ್ಕೆ ಬೆಲೆಯಿಲ್ಲದೆ ವಸ್ತುವಿಗೆ ಮಾತ್ರ ಬೆಲೆಯಿರುವಲ್ಲಿ, ಜೀವನ ಸಾಗಿಸಬೇಕಾದವನು ವಸ್ತುವನ್ನೇ ಮಾರುತ್ತಾನೆ.

ಇದರ ಪರಿಣಾಮ ಕಾರುಗಳ ಆಯುಸ್ಸಿನ ಮೇಲೆಯೇ ಆಗುತ್ತಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯ ನವೀಕರಣಶುಲ್ಕವು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000 ರೂಪಾಯಿಗೆ ಏರಿತು. ಅದರ ಮೇಲೆ ಇಂಥ ವ್ಯರ್ಥವಾದ ದುರಸ್ತಿಯ ವೆಚ್ಚವೂ ಬಿದ್ದಾಗ, ಇನ್ನೂ ಹಲವು ವರ್ಷ ಓಡಬಲ್ಲ ಕಾರನ್ನು ಒಡೆಯನು ಬೇಸತ್ತು ಗುಜರಿಗೆ ಕೊಟ್ಟುಬಿಡುತ್ತಾನೆ.

ಹಳೆಯ ಕಾರನ್ನು ಇಟ್ಟುಕೊಂಡಿರುವ ಮಹನೀಯರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಭಾಗವನ್ನು ಬದಲಿಸಬೇಕೆಂದು ಮೆಕ್ಯಾನಿಕ್ ಹೇಳಿದಾಗ ಮೀಟರು ಎಷ್ಟು ತೋರಿಸಿತೆಂದು ವಿನಯದಿಂದ ಕೇಳಿರಿ, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಪರೀಕ್ಷಿಸಿ ನೋಡಿ ಏನನ್ನೂ ಬದಲಿಸಬೇಕಾಗಿಲ್ಲವೆಂದು ಆತನು ಹೇಳಿದ ದಿನ, ಆತನ ಕೂಲಿಯನ್ನು ಪೂರ್ತಿಯಾಗಿ ಕೊಡಿರಿ.