ಆಟದ ನಾಯಿಗೆ ಮುಪ್ಪಿಲ್ಲ, ಮನೆಯ ಎತ್ತಿಗೆ?

ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್‌ನ ಲ್ಯಾಪ್‌ಟಾಪ್‌ನಲ್ಲಿ ‘ದಿ ಸಿಮ್ಸ್ 4’ ಎಂಬ ಆಟವಿದೆ. ಮನೆ ಕಟ್ಟುವುದು, ಕೆಲಸಕ್ಕೆ ಹೋಗುವುದು, ಅಡುಗೆ ಮಾಡುವುದು, ಹೀಗೆ ಬದುಕನ್ನೇ ಆಡುವ ಆಟ. 2017ರಲ್ಲಿ ಇದಕ್ಕೆ ನಾಯಿ, ಬೆಕ್ಕುಗಳೂ ಸೇರಿದವು. ಅವು ಮರಿಗಳಾಗಿ ಬರುತ್ತವೆ, ಬೆಳೆಯುತ್ತವೆ, ಮುದಿಯಾಗುತ್ತವೆ, ಸಾಯುತ್ತವೆ. ಆಗ ಕಪ್ಪು ನಿಲುವಂಗಿ ತೊಟ್ಟ ಯಮನಂಥವನೊಬ್ಬ ಬಂದು ಕರೆದೊಯ್ಯುತ್ತಾನೆ. ನಾನು ಅದರಲ್ಲಿ ಕಪ್ಪು ಬಿಳಿ ಮಚ್ಚೆಯ ನಾಯಿಯೊಂದನ್ನು ಸಾಕಿ, ಊರಿನ ನಮ್ಮ ಎತ್ತಿನ ಹೆಸರನ್ನೇ ಇಟ್ಟೆ: ಹಂಡ್ಯಾ.

ಕೆಲವೇ ವಾರಗಳಲ್ಲಿ ಹಂಡ್ಯಾನಿಗೆ ವಯಸ್ಸಾಯಿತು. ಸೆಟ್ಟಿಂಗ್ಸ್ ತೆರೆದು ಸಾಕುಪ್ರಾಣಿಗಳ ವಯಸ್ಸು ಏರುವ ಆಯ್ಕೆಯನ್ನು ಆಫ್ ಮಾಡಿಬಿಟ್ಟೆ. ಒಂದೇ ಕ್ಲಿಕ್. ಇನ್ನು ಅದು ಸಾಯುವ ಭಯವಿಲ್ಲ.

ಓದುತ್ತಿರುವುದು ಬಿಇ. ಹಾಗಾಗಿ ಒಳಗೆ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ವಯಸ್ಸೆಂದರೆ ಅಲ್ಲಿ ಒಂದು ಸಂಖ್ಯೆ. ದಿನ ಕಳೆದಂತೆ ಅದಕ್ಕೆ ಒಂದು ಕೂಡುತ್ತದೆ. ಮಿತಿ ದಾಟಿದರೆ ಮುಂದಿನ ಹಂತ. ಟಿಕ್ ತೆಗೆದರೆ ಕೂಡುವ ಆ ಒಂದು ಸಾಲು ಓಡುವುದಿಲ್ಲ, ಅಷ್ಟೇ.

ನನ್ನಂತೆ ಮಾಡುವವರು ಬಹಳ ಮಂದಿ ಇದ್ದಾರೆ. ಅವರನ್ನು ಅಣಕಿಸುವುದು ನನ್ನ ಉದ್ದೇಶವಲ್ಲ. ತಂದೆಯನ್ನು ಕಳೆದುಕೊಂಡ ಗೆಳೆಯನೊಬ್ಬ, ‘ಆಟದಾಗರ ಯಾರೂ ಸಾಯೂದು ಬ್ಯಾಡಪಾ’ ಎಂದಿದ್ದ. ಅವನಿಗೆ ಆ ಆಯ್ಕೆ ಬೇಕು, ಇರಲಿ. ನನ್ನ ತಕರಾರು ಬೇರೆ. ಯಾವ ನೋವೂ ಇಲ್ಲದ ನಾನು ಅದನ್ನು ಒತ್ತಿದ್ದೇಕೆ? ನೋಡಿಕೊಳ್ಳುವ ಗೊಡವೆ ತಪ್ಪಲಿ ಎಂದು. ನಿಜ ಹೇಳಬೇಕೆಂದರೆ, ಹಂಡ್ಯಾ ಸಾಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಾನು ಅದರ ಜೊತೆ ಆಡುವುದೇ ಕಡಿಮೆಯಾಯಿತು. ಯಾವಾಗ ಹೋದರೂ ಅದು ಇದ್ದಲ್ಲೇ ಇರುತ್ತದೆ. ಮತ್ತೆ ಇವತ್ತೇ ಯಾಕೆ?

ಸಾವನ್ನು ಆಟದಿಂದ ತೆಗೆಯುವ ಈ ಆಸೆ ಹೊಸದಲ್ಲ. 1996ರಲ್ಲಿ ಜಪಾನಿನಲ್ಲಿ ತಮಗೋಚಿ ಬಂತು. ಮೊಟ್ಟೆಯಾಕಾರದ ಪುಟ್ಟ ಆಟಿಕೆಯೊಳಗೊಂದು ಪ್ರಾಣಿ. ಗುಂಡಿ ಒತ್ತಿ ಉಣಿಸದಿದ್ದರೆ ಸಾಯುತ್ತಿತ್ತು. ಮಕ್ಕಳು ಶಾಲೆಗೂ ಹೊತ್ತು ತಂದರೆಂದು ಕೆಲವು ದೇಶಗಳ ಶಾಲೆಗಳು ಅದನ್ನು ನಿಷೇಧಿಸಿದವು. ನಮ್ಮ ತಲೆಮಾರಿನವರು ಮೊಬೈಲಿನಲ್ಲಿ ಸಾಕಿದ ಟಾಕಿಂಗ್ ಟಾಮ್ ಬೆಕ್ಕಿಗೆ ಆ ತಾಪತ್ರಯವಿಲ್ಲ. ತಿಂಗಳುಗಟ್ಟಲೆ ಮರೆತರೂ ಹಸಿದು ಕೂತಿರುತ್ತದೆ, ಸಾಯುವುದಿಲ್ಲ. 2009ರಲ್ಲಿ ಫೇಸ್‌ಬುಕ್‌ನಲ್ಲಿ ಶುರುವಾದ ಫಾರ್ಮ್‌ವಿಲ್‌ನ ಹಸುಗಳಿಗೂ ಮುಪ್ಪಿರಲಿಲ್ಲ. ಆದರೆ 2020ರ ಡಿಸೆಂಬರ್ 31ರಂದು ಆ ಆಟವನ್ನೇ ಮುಚ್ಚಲಾಯಿತು. ಮುಪ್ಪೇ ಇಲ್ಲದ ಅಷ್ಟೂ ಹಸುಗಳು ಒಂದೇ ದಿನ ಹೋದವು. ಸೋನಿ ಕಂಪನಿ 1999ರಲ್ಲಿ ತಂದ ಐಬೊ ಎಂಬ ರೋಬೊ ನಾಯಿಯ ಕತೆಯೂ ಇದೇ. 2014ರಲ್ಲಿ ಹಳೆಯ ಐಬೊಗಳ ರಿಪೇರಿ ನಿಂತಿತು. ಆಮೇಲೆ ಜಪಾನಿನ ಬೌದ್ಧ ದೇವಾಲಯವೊಂದರಲ್ಲಿ ಕೆಟ್ಟುಹೋದ ಆ ನಾಯಿಗಳಿಗೆ ಅಂತ್ಯಕ್ರಿಯೆಯ ಪೂಜೆ ಮಾಡಿಸಿದರು. ಮುಪ್ಪನ್ನು ತೆಗೆದರೂ ಕೊನೆಯನ್ನು ತೆಗೆಯಲು ಯಾವ ಕಂಪನಿಗೂ ಆಗಿಲ್ಲ.

ಇಷ್ಟೆಲ್ಲ ಯೋಚಿಸುವಂತೆ ಮಾಡಿದ್ದು ನಿಜವಾದ ಹಂಡ್ಯಾ. ಸವದತ್ತಿ ಭಾಗದ ಚಚಡಿ ನಮ್ಮೂರು. ನಾನು ಒಂದನೇ ತರಗತಿಯಲ್ಲಿದ್ದಾಗ ಅಪ್ಪ ಅದನ್ನು ಸಂತೆಯಿಂದ ಹೊಡೆದುಕೊಂಡು ಬಂದಿದ್ದರು. ಅಜ್ಜ ಬಾಯಿ ಬಿಡಿಸಿ ನೋಡಿ ‘ನಾಕ ಹಲ್ಲಿಂದು’ ಎಂದಿದ್ದ. ಎತ್ತಿಗೆ ಹುಟ್ಟಿದ ದಿನಾಂಕವಿಲ್ಲ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟಾದರೆ ಬಾಯಿಗೂಡಿತು ಎಂದು ಲೆಕ್ಕ. ಅಲ್ಲಿಂದಾಚೆಗೆ ಹಲ್ಲಿನ ಸವಕಳಿಯೇ ವಯಸ್ಸು ಹೇಳಬೇಕು. ಆ ಹಲ್ಲುಗಳನ್ನು ಅಜ್ಜ ವರ್ಷ ವರ್ಷವೂ ನೋಡುತ್ತಿದ್ದ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಜ್ಜ, ‘ಹಂಡ್ಯಾ ಮೇವ ಮುಟ್ಟವಲ್ದು. ಒಮ್ಮಿ ದನದ ಮನಿಗೆ ಹೋಗಿ ಮಾರಿ ತೋರಿಸಿ ಬಾ’ ಎಂದ. ಮೊಬೈಲ್ ನೋಡುತ್ತಲೇ ‘ಮುಂದಿನ ಸಲ ಬಂದಾಗ ನೋಡ್ತೀನಜ್ಜಾ’ ಎಂದೆ. ಹಂಡ್ಯಾ ಸತ್ತದ್ದು ನನ್ನ ಐದನೇ ಸೆಮಿಸ್ಟರ್ ಪರೀಕ್ಷೆಯ ನಡುವೆ. ಮನೆಯಲ್ಲಿ ಯಾರೂ ಹೇಳಲಿಲ್ಲ. ಕೊನೆಯ ಪೇಪರ್ ಮುಗಿದ ಸಂಜೆ ಅವ್ವ ಫೋನಿನಲ್ಲಿ ಹೇಳಿದಳು: ಹೊಲದ ಬದುವಿನ ಬೇವಿನ ಗಿಡದ ಬುಡಕ್ಕೆ ಹುಗಿದರಂತೆ, ಅಜ್ಜ ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ನನ್ನ ಓದು ಕೆಡದಿರಲಿ ಎಂದು ಅವರೂ ನನಗಾಗಿ ಒಂದು ಟಿಕ್ ತೆಗೆದಿದ್ದರು.

ಆಗ ನೆನಪಾದದ್ದು ಮಣ್ಣೆತ್ತಿನ ಅಮಾವಾಸ್ಯೆ. ಕಾರಹುಣ್ಣಿಮೆಗೆ ನಿಜವಾದ ಎತ್ತುಗಳ ಪೂಜೆ, ಅದಾದ ಮೇಲಿನ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳ ಪೂಜೆ. ಉತ್ತರ ಕರ್ನಾಟಕದ ಮಕ್ಕಳ ಮೊದಲ ‘ವರ್ಚುವಲ್’ ಪ್ರಾಣಿ ಇದೇ ಅಲ್ಲವೇ? ಎರಡು ಎತ್ತು, ಮುಂದೊಂದು ಗೋದಲಿ, ಪೂಜೆ, ಹೋಳಿಗೆಯ ಎಡೆ. ಆಮೇಲೆ ನೀರಿಗೆ ಬಿಡಬೇಕು. ಚಿಕ್ಕವನಿದ್ದಾಗ ಒಂದನ್ನು ಮುಚ್ಚಿಟ್ಟುಕೊಂಡಿದ್ದೆ. ದಸರೆಯ ಹೊತ್ತಿಗೆ ಬಿರುಕು ಬಿಟ್ಟು ಕಿವಿ, ಕೋಡು ಉದುರಿದ್ದವು. ಅಜ್ಜ ಬೈಯಲಿಲ್ಲ. ‘ಇವು ಕರಗಲಿಲ್ಲಂದ್ರ ಮುಂದಿನ ವರ್ಷ ಹೊಸಾವು ಮಾಡಾಕ ಮಣ್ಣ ಎಲ್ಲಿಂದ ಬರಬೇಕೋ?’ ಎಂದು ನಕ್ಕಿದ್ದ. ಪ್ರೀತಿಯಿಂದ ಮಾಡಿದ್ದನ್ನು ಕೈಯಾರೆ ಬಿಟ್ಟುಕೊಡುವುದನ್ನು ಆ ಆಟ ಮಕ್ಕಳಿಗೆ ಕಲಿಸುತ್ತದೆ.

ಹಾಸ್ಟೆಲ್, ಪಿಜಿ, ಕೋಚಿಂಗ್ ಸೆಂಟರ್‌ಗಳಲ್ಲಿ ಇರುವ ನಾವೆಲ್ಲ ನಮಗೇ ಗೊತ್ತಿಲ್ಲದೆ ಆ ಸೆಟ್ಟಿಂಗ್ ಅನ್ನು ಮನೆಯ ಮೇಲೂ ಹಾಕಿರುತ್ತೇವೆ. ಬಿಟ್ಟು ಬಂದ ದಿನ ಅಪ್ಪನ ತಲೆ ಎಷ್ಟು ನರೆತಿತ್ತೋ ನಮ್ಮ ಮನಸ್ಸಿನಲ್ಲಿ ಅಷ್ಟೇ. ‘ಡಿಗ್ರಿ ಮುಗಿಯಲಿ, ನೌಕರಿ ಸಿಗಲಿ, ಆಮೇಲೆ ಮನೆಯವರನ್ನು ನೋಡಿಕೊಳ್ಳೋಣ’ ಎನ್ನುತ್ತೇವೆ. ನೇಮಕಾತಿ ಮುಂದಕ್ಕೆ ಹೋಗಬಹುದು, ಫಲಿತಾಂಶ ತಡವಾಗಬಹುದು. ಅಲ್ಲಿಯವರೆಗೆ ಅವ್ವನ ಮೊಣಕಾಲು ನೋವು ಕಾಯುವುದಿಲ್ಲ. ಓದು ಬಿಟ್ಟು ಊರಿಗೆ ಓಡಿ ಎಂದು ನಾನು ಹೇಳುತ್ತಿಲ್ಲ. ವಿಡಿಯೊ ಕಾಲ್‌ನಲ್ಲಿ ‘ಆರಾಮ ಅದೇವಿ’ ಎಂದರೆ ಅಷ್ಟಕ್ಕೇ ನಂಬಬೇಡಿ, ಇನ್ನೊಂದು ಪ್ರಶ್ನೆ ಕೇಳಿ. ರಜೆಯಲ್ಲಿ ಹೋದಾಗ ಒಂದು ದಿನವಾದರೂ ಅವರ ಜೊತೆ ಹೊಲಕ್ಕೋ ಆಸ್ಪತ್ರೆಗೋ ನಡೆಯಿರಿ ಎನ್ನುತ್ತಿದ್ದೇನೆ.

ಆಟದಲ್ಲಿ ಆ ಟಿಕ್ ಅನ್ನು ಮತ್ತೆ ಹಾಕಿದ್ದೇನೆ. ಅಲ್ಲಿನ ಹಂಡ್ಯಾ ಈಗ ಮುದಿ ನಾಯಿ, ದಿನಕ್ಕೆರಡು ಸಲ ತಿರುಗಾಡಿಸುತ್ತೇನೆ. ಊರಿನಲ್ಲಿ ಹಂಡ್ಯಾನ ಜೋಡಿ ಎತ್ತು ಒಂಟಿಯಾಗಿದೆ, ಅಜ್ಜನಿಗೆ ಎಂಬತ್ತು ದಾಟಿದೆ. ಈ ಸಲದ ಮಣ್ಣೆತ್ತಿನ ಅಮಾವಾಸ್ಯೆಗೆ ಎರಡು ದಿನ ಮೊದಲೇ ಬೆಳಗಾವಿಯಿಂದ ಬಸ್ ಹತ್ತುತ್ತೇನೆ. ಅಜ್ಜನ ಕೈ ನಡುಗುತ್ತದಂತೆ, ಎತ್ತು ನಾನೇ ಮಾಡಬೇಕು.