ಎಂಸಿಎ ಸೇತುಬಂಧ ತಾಲ್ಲೂಕಿನಲ್ಲೇ ಆಗಲಿ

ಶಿಕ್ಷಣದ ನಿಯಮವೊಂದು ಬದಲಾದಾಗ ಅದರ ಗುಣದೋಷಗಳ ಬಗ್ಗೆ ಚರ್ಚೆಯಾಗುತ್ತದೆ. ಆದರೆ ಅದರ ವೆಚ್ಚ ಯಾರ ಹೆಗಲಿಗೆ ಬಿತ್ತು ಎಂದು ಕೇಳುವವರು ಕಡಿಮೆ. ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಶಿಕ್ಷಣದಲ್ಲಿ, ಮುಖ್ಯವಾಗಿ ಎಂಸಿಎಯಲ್ಲಿ, ಈಚಿನ ವರ್ಷಗಳಲ್ಲಿ ಆಗಿರುವ ಬದಲಾವಣೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕಾಗಿದೆ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಿ.ಕಾಂ., ಬಿ.ಎ., ಬಿ.ಎಸ್ಸಿ. ಓದುತ್ತಿರುವವರಿಗೆ ಇದು ಭವಿಷ್ಯದ ಪ್ರಶ್ನೆ.

ಎಂಸಿಎ ಮೊದಲು ಮೂರು ವರ್ಷಗಳ ವ್ಯಾಸಂಗವಾಗಿತ್ತು. ಪ್ರೋಗ್ರಾಮಿಂಗ್, ಡಿಸ್ಕ್ರೀಟ್ ಗಣಿತ, ಕಂಪ್ಯೂಟರ್‌ನ ಆಂತರಿಕ ರಚನೆ ಇತ್ಯಾದಿ ಬುನಾದಿ ವಿಷಯಗಳನ್ನು ಮೊದಲ ವರ್ಷದಲ್ಲಿ ಕಲಿಸಲಾಗುತ್ತಿತ್ತು. ಅನ್ಯ ವಿಷಯಗಳ ಪದವೀಧರರ ಪಾಲಿಗೆ ಆ ವರ್ಷವೇ ಸೇತುವೆಯಾಗಿತ್ತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) 2020-21ರಿಂದ ಅವಧಿಯನ್ನು ಎರಡು ವರ್ಷಕ್ಕೆ ಇಳಿಸಿತು. ಬಿಸಿಎ ಓದಿದವರಿಗೆ ಇದರಿಂದ ಒಂದು ವರ್ಷ ಉಳಿಯಿತು, ಅದು ನ್ಯಾಯವೇ. ಆದರೆ ಉಳಿದವರಿಗೆ ಬುನಾದಿಯ ಅಗತ್ಯವೇನೂ ಕಡಿಮೆಯಾಗಲಿಲ್ಲ. ಅದನ್ನು ಒದಗಿಸುವ ಹೊಣೆ ಮಾತ್ರ ವಿಶ್ವವಿದ್ಯಾಲಯದ ಪಠ್ಯಕ್ರಮದಿಂದ ಕುಟುಂಬದ ಆಯವ್ಯಯಕ್ಕೆ ವರ್ಗಾವಣೆಯಾಯಿತು.

2024-25ರಿಂದ 2026-27ರವರೆಗಿನ ತನ್ನ ನಿಯಮಾವಳಿಯಲ್ಲಿ ಪರಿಷತ್ತು ಬಾಗಿಲನ್ನು ಇನ್ನಷ್ಟು ತೆರೆದಿದೆ. ಯಾವುದೇ ಪದವಿಯಲ್ಲಿ ಶೇ 50 ಅಂಕ (ಮೀಸಲು ವರ್ಗಗಳಿಗೆ ಶೇ 45) ಪಡೆದವರು ಎಂಸಿಎಗೆ ಅರ್ಹರು. ಪಿಯುಸಿ ಅಥವಾ ಪದವಿಯಲ್ಲಿ ಗಣಿತ ಓದಿದ್ದರೆ ಒಳ್ಳೆಯದು. ಓದಿರದವರಿಗೆ ವಿಶ್ವವಿದ್ಯಾಲಯ ಅಥವಾ ಸಂಸ್ಥೆ ಕಡ್ಡಾಯವಾಗಿ ಸೇತು ಕೋರ್ಸ್ ರೂಪಿಸಬೇಕು. ಹದಿನಾರನೇ ವಯಸ್ಸಿನಲ್ಲಿ ಗಣಿತ ಬಿಟ್ಟ ತಪ್ಪಿಗೆ ಜೀವನಪರ್ಯಂತ ದಂಡ ತೆರಬೇಕಾಗಿಲ್ಲ ಎಂಬ ಈ ಉದಾರ ನಿಲುವು ಸ್ವಾಗತಾರ್ಹ. ಆದರೂ ರಾಜ್ಯದ ಷರತ್ತುಗಳನ್ನು ವಿದ್ಯಾರ್ಥಿಗಳು ಆಯಾ ವರ್ಷದ ಪ್ರವೇಶ ಕೈಪಿಡಿಯಲ್ಲಿ ನೋಡಿಯೇ ಮುಂದುವರಿಯಬೇಕು.

ತೊಡಕಿರುವುದು ಅನುಕ್ರಮದಲ್ಲಿ. ಕರ್ನಾಟಕದಲ್ಲಿ ಎಂಸಿಎ ಸೀಟು ಹಂಚಿಕೆಯಾಗುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ರ‍್ಯಾಂಕ್ ಮೇಲೆ. ಆ ಪರೀಕ್ಷೆಯಲ್ಲಿ ಗಣಿತವೂ ಇದೆ, ಕಂಪ್ಯೂಟರ್ ಜ್ಞಾನವೂ ಇದೆ. ಪರೀಕ್ಷೆ ಪ್ರವೇಶಕ್ಕೆ ಮೊದಲು. ಸೇತು ಕೋರ್ಸ್ ಪ್ರವೇಶದ ನಂತರ. ಹೊಳೆಯನ್ನು ಹೇಗೋ ಈಜಿ ಆಚೆ ದಡ ಸೇರಿದವರಿಗೆ ಮಾತ್ರ ಸೇತುವೆ ಎಂದಂತಾಯಿತು! ಈಜು ಬಾರದವರು ಒಂದೋ ಹಿಂದೆ ಸರಿಯುತ್ತಾರೆ, ಇಲ್ಲವೇ ಬೆಂಗಳೂರಿನ ಕೋಚಿಂಗ್ ಕೇಂದ್ರಗಳಿಗೆ ಹಣ ತೆರುತ್ತಾರೆ.

ಈ ವೆಚ್ಚವನ್ನು ಬರೀ ಕೋಚಿಂಗ್ ಶುಲ್ಕದಿಂದ ಅಳೆಯಲಾಗದು. ಮಾಲೂರಿನಿಂದ ವೈಟ್‌ಫೀಲ್ಡ್‌ಗೆ ನೇರ ರೈಲಿದೆ. ಮುಳಬಾಗಿಲಿಗೆ ರೈಲೇ ಇಲ್ಲ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣದರ ತಪ್ಪಿದೆಯಾದರೂ ದಾರಿಯಲ್ಲಿ ಕಳೆಯುವ ಸಮಯ ತಪ್ಪಿಲ್ಲ. ಇದಕ್ಕಿಂತ ದೊಡ್ಡದು ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಎನ್ನುವಂಥದ್ದು. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಲ್ಲಿ ನಾಳೆಯೇ ಸಂಬಳ ದೊರೆಯುವಂತಿದ್ದಾಗ, ಒಂದು ವರ್ಷ ಮನೆಯಲ್ಲಿ ಕುಳಿತು ಗಣಿತ ಕಲಿಯುತ್ತೇನೆಂದು ಹೇಳುವ ಮಗನಿಗಾಗಲಿ ಮಗಳಿಗಾಗಲಿ ಒಪ್ಪಿಗೆ ನೀಡಬಲ್ಲ ರೈತ ಕುಟುಂಬಗಳು ಎಷ್ಟಿವೆ?

ಹಾಗಾದರೆ ಪರಿಹಾರ ದುಬಾರಿಯೇ? ಖಂಡಿತ ಅಲ್ಲ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ಎನ್‌ಪಿಟಿಇಎಲ್‌ನ ಪಾಠಗಳು ಉಚಿತ. ಜನವರಿ ಮತ್ತು ಜುಲೈನಲ್ಲಿ, ವರ್ಷಕ್ಕೆರಡು ಬಾರಿ, ಕೋರ್ಸ್‌ಗಳು ಆರಂಭವಾಗುತ್ತವೆ. ಪ್ರಮಾಣಪತ್ರ ಬೇಕಾದವರು ಮಾತ್ರ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಈಚಿನ ವರ್ಷಗಳಲ್ಲಿ ಅದರ ಶುಲ್ಕ ಕೋರ್ಸ್ ಒಂದಕ್ಕೆ 1,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಅದರಲ್ಲಿ ಅರ್ಧ. ಯುಜಿಸಿಯ 2021ರ ನಿಯಮದಂತೆ ಪದವಿ ಕಾಲೇಜೊಂದು ಸೆಮಿಸ್ಟರ್‌ನ ಶೇ 40ರವರೆಗಿನ ಕೋರ್ಸ್‌ಗಳನ್ನು ‘ಸ್ವಯಂ’ ವೇದಿಕೆಯ ಮೂಲಕ ಮಾನ್ಯ ಮಾಡಬಹುದು. ಬುನಾದಿಯನ್ನು ಎಷ್ಟು ಸರಳವಾಗಿ ನಿಗದಿಪಡಿಸಬಹುದೆಂಬುದಕ್ಕೂ ಮಾದರಿಯಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಎಂಸಿಎಗೆ ಕಂಪ್ಯೂಟರ್ ಹಿನ್ನೆಲೆಯಿಲ್ಲದೆ ಬರುವವರು ಎರಡು ಸೇತು ಕೋರ್ಸ್‌ಗಳನ್ನು ಪೂರೈಸುತ್ತಾರೆ: ಒಂದು, ಸಿ ಮತ್ತು ಪೈಥಾನ್ ಪ್ರೋಗ್ರಾಮಿಂಗ್, ಇನ್ನೊಂದು, ಡೇಟಾ ಸ್ಟ್ರಕ್ಚರ್ಸ್ ಮತ್ತು ಆಲ್ಗಾರಿದಮ್.

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ವರ್ಷಾರಂಭದಲ್ಲಿ ‘ಸೇತುಬಂಧ’ ನಡೆಸುವ ಪದ್ಧತಿಯಿದೆ. ಅದನ್ನೇ ಪದವಿ ಕಾಲೇಜಿಗೆ ವಿಸ್ತರಿಸಬಹುದು. ಬೆಂಗಳೂರು ವಿಶ್ವವಿದ್ಯಾಲಯ ತ್ರಿಭಜನೆಯಾದ ನಂತರ ಕೋಲಾರದ ಟಮಕದಲ್ಲಿ ಕಾರ್ಯಾರಂಭ ಮಾಡಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಈ ಕೆಲಸಕ್ಕೆ ಮುಂದಾಗಬೇಕು. ನಾಲ್ಕು ವಿಷಯಗಳ ಸಾಮಾನ್ಯ ಸೇತು ಪಠ್ಯವನ್ನು ಅದು ಪ್ರಕಟಿಸಲಿ. ಐದನೇ ಸೆಮಿಸ್ಟರ್‌ನಲ್ಲಿ ಗಣಿತ ಮತ್ತು ಪ್ರೋಗ್ರಾಮಿಂಗ್. ಆರನೆಯದರಲ್ಲಿ ಡೇಟಾ ಸ್ಟ್ರಕ್ಚರ್ಸ್ ಮತ್ತು ಕಂಪ್ಯೂಟರ್ ರಚನೆ. ಈ ಕ್ರಮವನ್ನು ತಪ್ಪಿಸುವಂತಿಲ್ಲ. ಪ್ರೋಗ್ರಾಮಿಂಗ್ ಬಾರದವರಿಗೆ ಡೇಟಾ ಸ್ಟ್ರಕ್ಚರ್ಸ್ ದಕ್ಕದು. ಒಂದು ಕಾಲೇಜಿನಲ್ಲಿ ಪಡೆದ ಪ್ರಮಾಣಪತ್ರವನ್ನು ವಿಶ್ವವಿದ್ಯಾಲಯದ ಎಲ್ಲ ಎಂಸಿಎ ಕಾಲೇಜುಗಳೂ ಮಾನ್ಯ ಮಾಡಬೇಕು. ಪ್ರವೇಶದ ನಂತರ ಅದನ್ನೇ ಮತ್ತೆ ಓದಿಸಕೂಡದು.

ಆದರೆ ವಿಡಿಯೊ ಪಾಠವೊಂದನ್ನೇ ನಂಬಿದರೆ ಯೋಜನೆ ಕಡತದಲ್ಲೇ ಉಳಿದೀತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಇಂಗ್ಲಿಷ್ ಉಪನ್ಯಾಸದ ಎರಡನೇ ವಾರದಲ್ಲೇ ಕೈಚೆಲ್ಲುವ ಸಾಧ್ಯತೆ ಹೆಚ್ಚು. ಅಲ್ಲಿ ಬೇಕಾದುದು ವಾರಕ್ಕೆರಡು ಸಂಜೆ ಕನ್ನಡದಲ್ಲಿ ವಿವರಿಸಿ, ಲೆಕ್ಕ ಮಾಡಿಸಿ, ತಪ್ಪು ತಿದ್ದುವ ಉಪನ್ಯಾಸಕರು ಮತ್ತು ತರಗತಿಯ ನಂತರವೂ ತೆರೆದಿರುವ ಕಂಪ್ಯೂಟರ್ ಪ್ರಯೋಗಾಲಯ. ಈ ಹೆಚ್ಚುವರಿ ಅವಧಿಗೆ ಅತಿಥಿ ಉಪನ್ಯಾಸಕರಿಗೆ ಗೌರವಧನ ನೀಡುವುದು ಸರ್ಕಾರಕ್ಕೆ ಅಸಾಧ್ಯವಾದ ಮಾತಲ್ಲ.

ಲೆಕ್ಕವನ್ನೇ ನೋಡೋಣ. ಯುವನಿಧಿ ಯೋಜನೆಯಡಿ, ಪದವಿ ಮುಗಿದು 180 ದಿನ ಕಳೆದರೂ ಉದ್ಯೋಗ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಭತ್ಯೆ ದೊರೆಯುತ್ತದೆ. ಒಬ್ಬರಿಗೆ ಒಟ್ಟು 72,000 ರೂಪಾಯಿ. ನಾಲ್ಕು ಸೇತು ಕೋರ್ಸ್‌ಗಳ ಪರೀಕ್ಷಾ ಶುಲ್ಕ ಒಟ್ಟು 4,000 ರೂಪಾಯಿ. ನಿರುದ್ಯೋಗದ ನಂತರ ಅಷ್ಟು ಕೊಡಲು ಸಿದ್ಧವಿರುವ ಸರ್ಕಾರ, ನಿರುದ್ಯೋಗಕ್ಕೆ ಮೊದಲೇ ಇಷ್ಟು ಕೊಡಲು ಹಿಂಜರಿಯಬೇಕಾದುದಿಲ್ಲ.

ಸಾಫ್ಟ್‌ವೇರ್ ನೇಮಕಾತಿ ಮಂದವಾಗಿರುವಾಗ, ಯಂತ್ರಗಳೇ ಪ್ರೋಗ್ರಾಂ ಬರೆಯುತ್ತಿರುವಾಗ ಈ ಶ್ರಮವೇಕೆ ಎಂಬ ಆಕ್ಷೇಪ ಬರಬಹುದು. ಯಂತ್ರ ಬರೆದುದು ಸರಿಯೋ ತಪ್ಪೋ ಎಂದು ನಿರ್ಣಯಿಸಲು ಬೇಕಾದುದು ಈ ಬುನಾದಿಯೇ. ಮಹಾನಗರದ ಮಕ್ಕಳು ಅದನ್ನು ಹೇಗಾದರೂ ಪಡೆಯುತ್ತಾರೆ. ಅಲ್ಲಿಂದ ಎರಡು ಗಂಟೆಯ ಹಾದಿಯಲ್ಲಿರುವ ಮಕ್ಕಳಿಗೆ ಅದು ಸಿಗಬೇಕಾದರೆ ಸೇತುವೆಯ ಮೊದಲ ಕಂಬ ಅವರ ಊರಿನ ದಡದಲ್ಲೇ ನಿಲ್ಲಬೇಕು.