560 ಕುದುರೆಗಳ ಚಕ್ಕಡಿ

ನನಗೆ ವ್ಯಾಗನ್ ಅಂದ್ರೆ ಹುಚ್ಚು. ಹೀಗಂತ ಆಫೀಸಿನಲ್ಲಿ ಹೇಳಿದರೆ "ಅಷ್ಟು ಸಂಬಳ ಬರುತ್ತಲ್ಲೋ, ವ್ಯಾಗನ್ ಆರ್ ಯಾಕೆ?" ಅಂತಾರೆ. ಊರಲ್ಲಿ ಹೇಳಿದರೆ ಗೂಡ್ಸ್ ರೈಲಿನ ಡಬ್ಬಿ ಅಂದುಕೊಳ್ತಾರೆ. ಎರಡೂ ಅಲ್ಲ ಸ್ವಾಮಿ. ಸೆಡಾನ್ ಕಾರಿನ ಚಾವಣಿಯನ್ನ ಹಿಂದಿನ ತುದಿಯವರೆಗೂ ಎಳೆದು, ಡಿಕ್ಕಿಯ ಜಾಗದಲ್ಲಿ ಒಂದು ದೊಡ್ಡ ಬಾಗಿಲು ಇಟ್ಟರೆ ಅದು ವ್ಯಾಗನ್. ಇಂಗ್ಲೆಂಡಿನವರು ಎಸ್ಟೇಟ್ ಅಂತಾರೆ, ಆಡಿ ಕಂಪನಿಯವರು ಅವಾಂಟ್ ಅಂತಾರೆ, ಬಿಎಂಡಬ್ಲ್ಯೂದವರು ಟೂರಿಂಗ್ ಅಂತಾರೆ. ನಾನು ಚಕ್ಕಡಿ ಅಂತೀನಿ. ನನ್ನ ಹುಚ್ಚು ಸಾದಾ ಚಕ್ಕಡಿಯದ್ದೂ ಅಲ್ಲ, ರೇಸ್ ಕಾರಿನ ಇಂಜಿನ್ ಹೂಡಿದ ಚಕ್ಕಡಿಯದ್ದು.

ಹುಚ್ಚು ಹತ್ತಿದ್ದು ಬಂಕಾಪುರದ ಟೋಲ್‌ನಲ್ಲಿ. ಪುಣೆ-ಬೆಂಗಳೂರು ಹೆದ್ದಾರಿ (ಹಳೇ ನಾಕನೇ ನಂಬರು, ಈಗ 48) ನಮ್ಮೂರ ಪಕ್ಕದಲ್ಲೇ ಹೋಗುತ್ತೆ. ರಸ್ತೆ ಮೇಲೆ ಓಡೋ ಕಾರು ಅಂದ್ರೆ ಒಂದು ಬಣ್ಣ, ಒಂದು ಸದ್ದು, ಅಷ್ಟೇ. ಟೋಲ್‌ನಲ್ಲಿ ಮಾತ್ರ ಎಂಥಾ ಕಾರಾದರೂ ಎಮ್ಮೆ ಹಾಗೆ ಸಾಲಿನಲ್ಲಿ ನಿಲ್ಲಲೇಬೇಕು. ಇಂಜಿನಿಯರಿಂಗ್ ಓದುವಾಗ ರಜೆಗೆ ಊರಿಗೆ ಬಂದರೆ ನಾನೂ ಗೆಳೆಯನೂ ಆ ಕಡೆ ಚಹಾ ಕುಡಿಯೋ ನೆಪದಲ್ಲಿ ಹೋಗಿ ಕೂರ್ತಿದ್ದೆವು. ಒಂದು ಸಂಜೆ ಬಂತು ನೋಡಿ, ಬೂದು ಬಣ್ಣದ ಆರ್‌ಎಸ್6 ಅವಾಂಟ್. ಹಿಂದಿನ ಗಾಜಿನಲ್ಲಿ ನಾಕು ಸೂಟ್‌ಕೇಸು, ಅವುಗಳ ಮೇಲೆ ಒಂದು ಮಗುವಿನ ಸೈಕಲ್ಲು. ಚಿಲ್ಲರೆ ಇಸಕೊಂಡು ಗಾಜು ಏರಿಸಿ ಹೊರಟಿತು. ಆ ಸದ್ದು ಕಿವಿಯಲ್ಲಿ ಇನ್ನೂ ಇದೆ. ಆದರೆ ನನ್ನನ್ನ ಕೆಡಿಸಿದ್ದು ಸದ್ದಲ್ಲ, ಆ ಸೈಕಲ್ಲು.

ಆ ಕಾರು ಭಾರತಕ್ಕೆ ಬಂದದ್ದು 2015ರ ಜೂನ್‌ನಲ್ಲಿ. ಶೋರೂಮ್ ಬೆಲೆ 1.35 ಕೋಟಿ. 4 ಲೀಟರಿನ ವಿ8 ಇಂಜಿನ್, ಎರಡು ಟರ್ಬೊ, 560 ಅಶ್ವಶಕ್ತಿ. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 3.9 ಸೆಕೆಂಡು. ಇದನ್ನೆಲ್ಲ ಅಪ್ಪನಿಗೆ ಮೊಬೈಲಿನಲ್ಲಿ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿ, "ಆಂಬುಲೆನ್ಸ್ ಏನಪಾ ಇದು?" ಅಂದ್ರು. ಆಮೇಲೆ ಫೋಟೋದಲ್ಲಿ ಹಿಂದಿನ ಬಾಗಿಲು ತೆಗೆದದ್ದು ಕಂಡು, "ಹಿಂದ ಎಷ್ಟು ಚೀಲ ಹಿಡಸ್ತಾವು?"

ನಾನು ಸೀಟು ಮಡಚಿದರೆ 1,680 ಲೀಟರ್ ಅಂದೆ. ಅಪ್ಪ ಲೀಟರಿನ ಲೆಕ್ಕ ಬಿಟ್ಟು, ಬ್ಯಾಡಗಿಗೆ ಮೆಣಸಿನಕಾಯಿ ಹಾಕಿಕೊಂಡು ಹೋಗೋ ಲೆಕ್ಕದಲ್ಲಿ ಚೀಲ ಎಣಿಸಿದರು. "ಅಡ್ಡಿಯಿಲ್ಲ" ಅಂದರು. ಲ್ಯಾಂಬೋರ್ಗಿನಿ, ಫೆರಾರಿ ಏನೇ ತೋರಿಸಿದರೂ ಅಪ್ಪನ ಬಾಯಿಂದ ಈ ಮಾತು ಬಂದಿರಲಿಲ್ಲ. ಕೋಟಿ ರೂಪಾಯಿಯ ಕಾರುಗಳಲ್ಲಿ ಒಕ್ಕಲುತನದ ಮನೆಯವರ ಪ್ರಶ್ನೆಗೆ ಉತ್ತರ ಕೊಡೋ ತಾಕತ್ತು ಇರೋದು ಇದಕ್ಕೆ ಮಾತ್ರ ಅಂತ ನನಗೆ ಅವತ್ತೇ ಅನ್ನಿಸಿತು.

ಈ ಜಾತಿಯ ಮೂಲಪುರುಷ ಅಂದರೆ 1994ರ ಆಡಿ ಆರ್‌ಎಸ್2. ಆಡಿ ಮತ್ತು ಪೋರ್ಶೆ ಸೇರಿ ಮಾಡಿದ್ದು, ಬ್ರೇಕು ಪೋರ್ಶೆಯದ್ದು, ಜೋಡಿಸಿದ್ದೂ ಪೋರ್ಶೆಯ ಕಾರ್ಖಾನೆಯಲ್ಲೇ. ಐದು ಸಿಲಿಂಡರಿನ 2.2 ಲೀಟರ್ ಟರ್ಬೊ, 315 ಅಶ್ವಶಕ್ತಿ. ಬ್ರಿಟನ್ನಿನ ಆಟೋಕಾರ್ ಪತ್ರಿಕೆ ಪರೀಕ್ಷೆ ಮಾಡಿದಾಗ ಮೊದಲ 48 ಕಿ.ಮೀ. ವೇಗ ಮುಟ್ಟೋದರಲ್ಲಿ ಮೆಕ್ಲಾರೆನ್ ಎಫ್1 ಅನ್ನೇ ಹಿಂದೆ ಹಾಕಿತ್ತು. ಒಟ್ಟು ಮಾಡಿದ್ದು ಮೂರು ಸಾವಿರಕ್ಕಿಂತ ಕಡಿಮೆ. ಅದೇ ವರ್ಷ ವೋಲ್ವೊದವರು ಬ್ರಿಟಿಷ್ ಟೂರಿಂಗ್ ಕಾರ್ ರೇಸಿಗೆ 850 ಎಸ್ಟೇಟ್ ಇಳಿಸಿದರು. ಜನ ನಕ್ಕಿದ್ದಕ್ಕೆ ಪರೇಡ್ ಲ್ಯಾಪಿನಲ್ಲಿ ಹಿಂದೆ ಒಂದು ದೊಡ್ಡ ಗೊಂಬೆ ನಾಯಿ ಕೂರಿಸಿಕೊಂಡು ಸುತ್ತು ಹಾಕಿದರಂತೆ :) ಗೆಲ್ಲಲಿಲ್ಲ. ಆದರೆ ಆ ವರ್ಷ ಗೆದ್ದ ಕಾರು ಯಾವುದು ಅಂತ ಎಷ್ಟು ಜನಕ್ಕೆ ನೆನಪಿದೆ?

ನಮ್ಮ ದೇಶದ ಕಥೆ ಬೇರೆ. ಇಲ್ಲಿ ವ್ಯಾಗನ್ ತಂದವರೆಲ್ಲ ಕೈ ಸುಟ್ಟುಕೊಂಡವರೇ. 1992ರ ಟಾಟಾ ಎಸ್ಟೇಟ್, ಆಮೇಲೆ ಮಾರುತಿ ಬಲೆನೊ ಆಲ್ಟುರಾ, 2004ರ ಇಂಡಿಗೊ ಮರೀನಾ, ಸ್ಕೋಡಾ ಆಕ್ಟೇವಿಯಾ ಕಾಂಬಿ. ಒಂದೂ ನಿಲ್ಲಲಿಲ್ಲ. ದೊಡ್ಡವರ ಕಡೆ 2017ರಲ್ಲಿ ವೋಲ್ವೊ ವಿ90 ಕ್ರಾಸ್ ಕಂಟ್ರಿ ಬಂತು, ಮರುವರ್ಷ ಮರ್ಸಿಡಿಸ್ ಇ-ಕ್ಲಾಸ್ ಆಲ್-ಟೆರೇನ್ ಬಂತು. ಎರಡೂ ಮಾಯ. ಬಿಎಂಡಬ್ಲ್ಯೂ ಎಂ340ಐ 2021ರಿಂದ ಚೆನ್ನೈಯಲ್ಲೇ ಜೋಡಣೆ ಆಗಿ ಮಾರಾಟ ಆಯ್ತು, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಸಾಲ ಮಾಡಿ ತಗೊಂಡರು. ಅದರದ್ದೇ ಟೂರಿಂಗ್ ರೂಪ ಯುರೋಪಿನಲ್ಲಿದೆ. ಇಲ್ಲಿಗೆ ತರಲಿಲ್ಲ. ತಂದಿದ್ದರೂ ನಾವು ತಗೊಳ್ತಿರಲಿಲ್ಲ ಬಿಡಿ.

ಯಾಕೆ? "ನಮ್ಮ ರಸ್ತೆ ಸರಿ ಇಲ್ಲ, ಹಂಪಿಗೆ ಹೊಟ್ಟೆ ತಾಗುತ್ತೆ" ಅಂತಾರೆ. ಆರ್‌ಎಸ್6 ವಿಷಯದಲ್ಲಿ ಅದು ನಿಜ, ನಮ್ಮೂರ ಓಣಿಯ ಮೊದಲ ಹಂಪಿನಲ್ಲೇ ಅದರ ಕಥೆ ಮುಗಿಯುತ್ತೆ. ಆದರೆ ವಿ90 ಕ್ರಾಸ್ ಕಂಟ್ರಿ ನೆಲದಿಂದ 210 ಮಿ.ಮೀ. ಮೇಲಿತ್ತು. ಬಹಳಷ್ಟು ಎಸ್‌ಯುವಿಗಳೂ ಅಷ್ಟಿಲ್ಲ. ತೆರಿಗೆ ಅಂತೀರಾ? 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಬದಲಾಗೋ ತನಕ ಎಸ್‌ಯುವಿಗೆ ಶೇ 22 ಸೆಸ್ ಇತ್ತು, ಅದೇ ಗಾತ್ರದ ತಗ್ಗಿನ ಕಾರಿಗೆ ಶೇ 20. ಅಲ್ಲೂ ಎಸ್‌ಯುವಿಯೇ ತುಟ್ಟಿ. ಆದರೂ ಜನ ಅದನ್ನೇ ತಗೊಂಡರು. ನನ್ನ ಪ್ರಕಾರ ಕಾರಣ ಎರಡೇ. ಒಂದು, ಎತ್ತರದಲ್ಲಿ ಕೂತವನು ಗೌಡ. ಎರಡು, ಹೊರೆ ಹೊರೋದು ನಮಗೆ ನಾಚಿಕೆ. ಹೊಲ ಬಿಟ್ಟು ಬಂದವರು ನಾವು. ಮೂಟೆ ಹೊತ್ತ ಹಾಗೆ ಕಾಣೋ ಯಾವುದೂ ಬೇಡ. ಸೆಡಾನಿಗಾದರೆ ಡಿಕ್ಕಿ ಬೇರೆ, ಸಾಹೇಬರು ಬೇರೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಇದು ಬರೀ ಕಾರಿನ ಜಾಹೀರಾತು ಆಗ್ತಿತ್ತು. ಹೇಳಬೇಕಾದ್ದು ಇನ್ನೊಂದಿದೆ.

ಹೋದ ದೀಪಾವಳಿಗೆ ಒಬ್ಬ ಗೆಳೆಯನ ಕಾರಿನಲ್ಲಿ ಬೆಂಗಳೂರಿನಿಂದ ಊರಿಗೆ ಬಂದೆ. ಯಾವ ಕಾರು ಅಂತ ಬೇಡ, ಜರ್ಮನಿಯದ್ದು, ಬೇಕಾದ್ದಕ್ಕಿಂತ ಹೆಚ್ಚು ಶಕ್ತಿ ಇದ್ದದ್ದು. ಹಾವೇರಿ ದಾಟಿದ ಮೇಲೆ ಅವನು "ನಿಮ್ಮ ಸೀಮೆ, ನೀನೇ ಹೊಡಿ" ಅಂತ ಸ್ಟೀರಿಂಗ್ ಕೊಟ್ಟ. ಬೆಳಗ್ಗೆ ಏಳೂವರೆ, ರಸ್ತೆ ಖಾಲಿ. 190 ಯಾವಾಗ ಆಯ್ತೋ ಗೊತ್ತಾಗಲಿಲ್ಲ. ಕಾರು ಅಷ್ಟು ಶಾಂತವಾಗಿತ್ತು. ಡಿವೈಡರಿನ ಮೇಲೆ ಒಬ್ಬ ಮುದುಕ, ಟೊಪ್ಪಿಗೆ, ಧೋತರ, ತಲೆ ಮೇಲೆ ಹುಲ್ಲಿನ ಹೊರೆ. ಒಂದು ಕಾಲು ರಸ್ತೆಗೆ ಇಟ್ಟಿದ್ದ. ನಮ್ಮನ್ನ ನೋಡಿ ಕಾಲು ಹಿಂದೆ ತಗೊಂಡ. ಅಷ್ಟೇ ನಡೆದದ್ದು. ಗೆಳೆಯ ಮೊಬೈಲ್ ನೋಡ್ತಿದ್ದ, ಅವನಿಗೆ ಗೊತ್ತೂ ಆಗಲಿಲ್ಲ.

ಮನೆಗೆ ಹೋಗಿ ಅವ್ವ ಬಡಿಸಿದ ರೊಟ್ಟಿ ತಿಂದೆ. ರಾತ್ರಿ ನಿದ್ದೆ ಬರಲಿಲ್ಲ, ಲೆಕ್ಕ ಹಾಕಿದೆ (ಇಂಜಿನಿಯರ್ ಚಾಳಿ). ಒಂದು ಬದಿಯ ಮೂರು ಲೇನ್ ಅಂದರೆ ಸುಮಾರು ಹತ್ತೂವರೆ ಮೀಟರ್. ತಲೆ ಮೇಲೆ ಹೊರೆ ಇದ್ದ ಮುದುಕ ದಾಟೋದಕ್ಕೆ ಹತ್ತು ಸೆಕೆಂಡಾದರೂ ಬೇಕು. ಲಾರಿ, ಬಸ್ಸು 80ರಲ್ಲಿ ಬರ್ತವೆ. ಅರ್ಧ ಕಿಲೋಮೀಟರ್ ದೂರದಲ್ಲಿ ಕಂಡರೆ ಅವನಿಗೆ 22 ಸೆಕೆಂಡು ಸಿಗುತ್ತೆ, ಆರಾಮಾಗಿ ದಾಟಬಹುದು. ಜೀವಮಾನವೆಲ್ಲ ಅವನ ಕಣ್ಣು ಕಲಿತದ್ದು ಈ ಲೆಕ್ಕವನ್ನೇ. 190ರಲ್ಲಿ ಬರೋ ಕಾರು ಅದೇ ದೂರವನ್ನ ಒಂಬತ್ತೂವರೆ ಸೆಕೆಂಡಿನಲ್ಲಿ ಮುಗಿಸುತ್ತೆ. ಅಂದರೆ ಅವನು ಮೂರನೇ ಲೇನಿನಲ್ಲಿ ಇರುವಾಗಲೇ. ಬ್ರೇಕ್ ಹಾಕಬಹುದಲ್ಲ ಅಂತೀರಿ. ವೇಗ ಎರಡರಷ್ಟಾದರೆ ನಿಲ್ಲೋ ದೂರ ನಾಕರಷ್ಟಾಗುತ್ತೆ. 100ರಿಂದ 36 ಮೀಟರಿನಲ್ಲಿ ನಿಲ್ಲೋ ಒಳ್ಳೇ ಕಾರು 190ರಿಂದ ನಿಲ್ಲೋಕೆ ಹತ್ತಿರ ಹತ್ತಿರ 130 ಮೀಟರ್ ಬೇಕು. ನನ್ನ ಮೆದುಳು ಎಚ್ಚರ ಆಗೋ ಒಂದು ಸೆಕೆಂಡಿಗೆ ಇನ್ನೂ 53 ಮೀಟರ್.

"ಒಳ್ಳೇ ಕಾರು, ಬ್ರೇಕ್ ಚೆನ್ನಾಗಿದೆ, ಸೇಫ್" ಅಂತ ನಮ್ಮಂಥ ಹುಚ್ಚರು ಹೇಳೋ ಮಾತು ಇದೆಯಲ್ಲ, ಅದು ಒಳಗೆ ಕೂತವರ ಸೇಫ್ಟಿ. ನಾನೂ ಹತ್ತು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದೆ. ಆರ್‌ಎಸ್6 ಹುಟ್ಟಿದ್ದು ಆಟೋಬಾನ್ ಇರೋ ದೇಶದಲ್ಲಿ. ಅಲ್ಲಿ ಹೆದ್ದಾರಿಗೆ ನಡೆದು ಬರೋ ಹಾಗೇ ಇಲ್ಲ. ನಮ್ಮಲ್ಲಿ ಹೆದ್ದಾರಿ ಅಗಲ ಮಾಡುವಾಗ ಎಷ್ಟೋ ಕಡೆ ಊರು ಒಂದು ಬದಿಗೆ, ಹೊಲ ಇನ್ನೊಂದು ಬದಿಗೆ ಉಳಿಯಿತು. 2018ರ ಕೇಂದ್ರದ ಅಧಿಸೂಚನೆ ಪ್ರಕಾರ ನಾಕು ಪಥದ ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ. ಅದನ್ನ ನಾನು ಮೊದಲು ಗೊಣಗಾಡಿಕೊಂಡು ಪಾಲಿಸ್ತಿದ್ದೆ, ಕ್ಯಾಮರಾ ಇದ್ದ ಕಡೆ ಮಾತ್ರ. ಈಗ ಗೊಣಗಾಟ ನಿಂತಿದೆ. ಹೊಡೀಲೇಬೇಕು ಅನ್ನೋರಿಗೆ ಚೆನ್ನೈ ಹತ್ತಿರ ಇರುಂಗಟ್ಟುಕೊಟ್ಟೈಯಲ್ಲಿ, ಕೊಯಮತ್ತೂರಿನಲ್ಲಿ ರೇಸ್ ಟ್ರ್ಯಾಕ್ ಇವೆ.

ಹಾಗಾದರೆ 560 ಕುದುರೆ ಯಾಕೆ ಬೇಕು ಅಂತ ಕೇಳಿದರೆ ನನ್ನ ಹತ್ತಿರ ಇರೋದು ನಮ್ಮ ಜಿಲ್ಲೆಯ ಉತ್ತರ ಮಾತ್ರ. ಬಂಕಾಪುರದ ಕೋಟೆ ಅಂದರೆ ಎಲ್ಲರಿಗೂ ನವಿಲುಧಾಮ, ಅರವತ್ತು ಕಂಬದ ನಗರೇಶ್ವರ ಗುಡಿ ನೆನಪಾಗುತ್ತೆ. ಅದೇ ಕೋಟೆಯೊಳಗೆ 1919ರಿಂದ ಖಿಲಾರಿ ತಳಿಯ ಕೇಂದ್ರ ಇದೆ. ಖಿಲಾರಿ ಎತ್ತು ಅಂದರೆ ಬಿಗಿ ಮೈ, ಹಿಂದೆ ಬಾಗಿ ಮೇಲೆದ್ದ ಕೋಡು, ಬಿಸಿಲಿಗೆ ಬಗ್ಗದ ಓಟ. ಹೊರೆ ಎಳೆಯೋದೂ ಅದೇ, ಓಡೋದೂ ಅದೇ. ಹೋರಿ ಹಬ್ಬದ ದಿನ ಕೊಬ್ಬರಿ ಸರ, ಜೂಲಾ, ಬಲೂನು ಕಟ್ಟಿದ ಹೋರಿ ಓಡುವಾಗ ಕೇಕೆ ಹಾಕೋ ಸಾವಿರ ಜನರಲ್ಲಿ ಹೋರಿ ಸಾಕಿದವರು ಎಷ್ಟು ಜನ? "ಇದರಿಂದ ಏನು ಉಪಯೋಗ" ಅಂತ ಅಲ್ಲಿ ಯಾರೂ ಕೇಳಲ್ಲ. ಹಾಗಂತ ಅಲ್ಲಿ ಅಪಾಯ ಇಲ್ಲ ಅಂತಲ್ಲ, ಪ್ರತಿ ವರ್ಷ ಪೆಟ್ಟು ತಿಂದವರ ಸುದ್ದಿ ಓದ್ತೀವಿ. ಆದರೆ ಅಖಾಡಕ್ಕೆ ಇಳಿಯೋನು ಗೊತ್ತಿದ್ದೇ ಇಳೀತಾನೆ. ಡಿವೈಡರ್ ಮೇಲಿದ್ದ ಆ ಅಜ್ಜ ನನ್ನ ಹೋರಿ ನೋಡೋಕೆ ಬಂದವನಲ್ಲ. ಮನೆಯ ದನಕ್ಕೆ ಹುಲ್ಲು ತರೋಕೆ ಬಂದವನು.

ಈಗ ನಾನು ಸೆಕೆಂಡ್ ಹ್ಯಾಂಡ್ ವಿ90 ಕ್ರಾಸ್ ಕಂಟ್ರಿ ಹುಡುಕ್ತಿದ್ದೀನಿ. ಆರ್‌ಎಸ್6 ನನ್ನ ಜನ್ಮದಲ್ಲಿ ಆಗೋ ಮಾತಲ್ಲ. ಹೊರರಾಜ್ಯದ್ದು ತಂದರೆ ತೆರಿಗೆ ಬೇರೆ, ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಜೀವಾವಧಿ ತೆರಿಗೆಯೇ ಶೇ 18, ಮೇಲೆ ಸೆಸ್ಸು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ಸುಮಾರು 1.42 ಕೋಟಿ ತೆರಿಗೆ ಕಟ್ಟಿಸಿಕೊಂಡರು. ಅಷ್ಟರಲ್ಲಿ 2015ರ ಬೆಲೆಗೆ ಒಂದು ಆರ್‌ಎಸ್6 ಬರ್ತಿತ್ತು ಅಂತ ಲೆಕ್ಕ ಹಾಕಿ ಹೊಟ್ಟೆ ಉರ್ಕೊಂಡೆ.

ಅಪ್ಪನಿಗೆ ವಿ90 ಫೋಟೋ ಕಳಿಸಿದ್ದೆ. ನಿನ್ನೆ ಫೋನ್ ಮಾಡಿದ್ದರು. "ತಮ್ಮಾ, ಇದರಾಗ ಗೋವಿನಜೋಳದ ಚೀಲ ಹಾಕಿದ್ರ ಸೀಟು ಹೊಲಸ ಆಗತೈತಿ. ಒಂದು ತಾಡಪತ್ರಿ ತಗೊಂಡ ಬಾ."